ಕಬ್ಬಿಣ ಮತ್ತೆ ಮಣ್ಣಾಗದಿರಲಿ

ದೋಣಿಮಲೈನ ರಸ್ತೆಯಲ್ಲಿ ಒಂದು ಗಂಟೆ ಓಡಾಡಿದರೆ ಸಾಕು, ಬಿಳಿ ಅಂಗಿಯ ಕೊರಳಪಟ್ಟಿ ಕೆಂಪಾಗುತ್ತದೆ. ಆ ಕೆಂಪು ಧೂಳಿನಲ್ಲಿರುವುದು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. 1977ರಲ್ಲಿ ಇಲ್ಲಿ ಗಣಿ ಆರಂಭವಾದದ್ದೂ ಅದಕ್ಕಾಗಿಯೇ. ಕುಲುಮೆಯಲ್ಲಿ ಈ ಅದಿರಿನಿಂದ ಆಮ್ಲಜನಕವನ್ನು ಬೇರ್ಪಡಿಸಿದರೆ ಕಬ್ಬಿಣ ದೊರೆಯುತ್ತದೆ. ಅದೇ ಕಬ್ಬಿಣಕ್ಕೆ ಗಾಳಿ ಮತ್ತು ನೀರು ಎರಡೂ ತಗುಲಿದರೆ ಮತ್ತೆ ಆಮ್ಲಜನಕವನ್ನು ಕೂಡಿಕೊಂಡು ಕೆಂಪು ಪುಡಿಯಾಗುತ್ತದೆ. ಇದೇ ತುಕ್ಕು. ಮನೆಯ ಕುಡುಗೋಲಿಗೂ ಕೋವಿಗೂ ಶತ್ರು ಇದೊಂದೇ.

ಕೊಡಗಿನವರು ಇದನ್ನು ಚೆನ್ನಾಗಿ ಬಲ್ಲರು. ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಂದು ಕೋವಿ, ಕತ್ತಿಗಳನ್ನು ಶುಚಿಗೊಳಿಸಿ, ಹೂ ಮುಡಿಸಿ ಪೂಜಿಸುತ್ತಾರೆ. ಮಳೆಗಾಲದ ತೇವ ಇನ್ನೂ ಆರದ ಆ ದಿನಗಳಲ್ಲಿ ಈ ಆಚರಣೆಗೆ ವಿಜ್ಞಾನದ ಬೆಂಬಲವೂ ಇದೆ.

ಹಳೆಯ ಕರಿಮದ್ದಿನ ಕೋವಿಗೆ ಇನ್ನೊಂದು ಕಾಟವಿತ್ತು. ಮದ್ದಿನಲ್ಲಿರುವ ಪೆಟ್ಲುಪ್ಪು ಉರಿದ ಮೇಲೆ ನಳಿಗೆಯಲ್ಲಿ ಪೊಟಾಸಿಯಂ ಲವಣಗಳು ಉಳಿಯುತ್ತವೆ. ಇವು ಗಾಳಿಯ ತೇವವನ್ನು ಹೀರಿ ತುಕ್ಕನ್ನು ಬೇಗ ಕರೆತರುತ್ತವೆ. ಲವಣ ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಆದ್ದರಿಂದಲೇ ಮೊದಲು ಬಿಸಿನೀರು, ಬಳಿಕ ಒಣ ಬಟ್ಟೆ, ಕೊನೆಗೆ ಎಣ್ಣೆ ಎಂಬ ಕ್ರಮ. ತೇವ ಆರಿಸದೆ ಎಣ್ಣೆ ಹಚ್ಚಿದರೆ ನೀರನ್ನು ಒಳಗೇ ಬಂಧಿಸಿದಂತೆ!

ಮನೆಯ ಸಲಕರಣೆಗಳಿಗೂ ಇದೇ ಕ್ರಮ. ಹಳೆಯ ಟೂತ್‌ಬ್ರಷ್‌ನಿಂದ ಕೊಳೆ ಉಜ್ಜಿ, ಜಿಡ್ಡಿದ್ದರೆ ಒಲೆಯಿಂದ ದೂರ ಕುಳಿತು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ. ಚೆನ್ನಾಗಿ ಆರಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ. ಅಡುಗೆ ಎಣ್ಣೆ ಬೇಡ. ಶೇಂಗಾ, ಸೂರ್ಯಕಾಂತಿ ಎಣ್ಣೆಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಕ್ರಮೇಣ ಅಂಟಾಗುತ್ತವೆ. ಎಣ್ಣೆ ಅತಿಯಾದರೂ ಕೆಡುಕೇ. ನಮ್ಮೂರಿನ ಧೂಳು ಅದಕ್ಕೆ ಅಂಟಿ, ಉಜ್ಜುಕಾಗದದಂತೆ ಲೋಹವನ್ನು ಸವೆಸುತ್ತದೆ.

ವಿದ್ಯಾರ್ಥಿಗಳೇ, ಪರೀಕ್ಷಿಸಿ ನೋಡಿ. ಹೊಳೆಯುವ ಎರಡು ಮೊಳೆಗಳಲ್ಲಿ ಒಂದಕ್ಕೆ ಎಣ್ಣೆ ಸವರಿ, ಎರಡನ್ನೂ ಒದ್ದೆ ಬಟ್ಟೆಯ ಮೇಲೆ ವಾರ ಕಾಲ ಇಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಪಾಲಕರಿಗೆ ಒಂದು ಮಾತು. ಬೆಳೆ ಕಾಯುವ ಕೋವಿ ಮನೆಯಲ್ಲಿದ್ದರೆ ಅದರ ಶುಚಿ ಮಕ್ಕಳ ಕೆಲಸವಲ್ಲ. ಪರವಾನಗಿದಾರರೇ ಮದ್ದುಗುಂಡು ತೆಗೆದು, ನಳಿಗೆ ಬರಿದಾಗಿದೆಯೆಂದು ಎರಡು ಬಾರಿ ನೋಡಿ, ಆಮೇಲಷ್ಟೇ ಬಟ್ಟೆ ಹಿಡಿಯಬೇಕು. ಕೋವಿ ಬೀಗದೊಳಗೆ, ಗುಂಡು ಬೇರೆ ಬೀಗದೊಳಗೆ ಇರಲಿ. ತುಕ್ಕು ಹಿಡಿದ ಕಬ್ಬಿಣವನ್ನು ಉಜ್ಜಿ ಸರಿಪಡಿಸಬಹುದು; ಕೈತಪ್ಪಿ ಹಾರಿದ ಗುಂಡನ್ನು ಹಿಂದಕ್ಕೆ ಕರೆಯಲಾಗದು.