ಅಡ್ಮಿನ್‌ಗೂ ಒಂದು ಪರ್ಯಾಯ ಬೇಕು

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಎಂಟು-ಹತ್ತು ವರ್ಷಗಳಿಂದ ಒಂದು ವಾಟ್ಸ್‌ಆ್ಯಪ್ ಗುಂಪು ನಡೆಸುತ್ತಿದ್ದಾರೆ. ಶುರುವಾದಾಗ ಊರಿನ ಇಪ್ಪತ್ತು-ಮೂವತ್ತು ಮಂದಿ ಇದ್ದರು. ಶಿವಮೊಗ್ಗ ಮಂಡಿಯಲ್ಲಿ ಇವತ್ತು ರಾಶಿಗೆ ಎಷ್ಟು, ಬೆಟ್ಟೆಗೆ ಎಷ್ಟು ಅಂತ ಪರಸ್ಪರ ತಿಳಿಸಿದರೆ ಸಾಕು ಎಂಬುದಷ್ಟೇ ಆಗಿನ ಆಸೆ. ಈಗ ಮೂರು ತಾಲ್ಲೂಕಿನವರು ಸೇರಿದ್ದಾರೆ. 2022ರಲ್ಲಿ ವಾಟ್ಸ್‌ಆ್ಯಪ್ ಒಂದು ಗುಂಪಿನ ಮಿತಿಯನ್ನು 1,024 ಜನಕ್ಕೆ ಏರಿಸಿತಲ್ಲ, ಅದೂ ತುಂಬಿ ಎರಡನೆಯ ಗುಂಪು ಹುಟ್ಟಿಕೊಂಡಿದೆ.

ಮಳೆಗಾಲ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ಅವರ ಮನೆಯ ಜಗಲಿಯಲ್ಲಿ ಕೂತಿದ್ದೆ. ಕೊಳೆ ಔಷಧಿ ಹೊಡೆಯಲು ಕೊನೆಗೌಡ ಬಂದು ತೋಟದಲ್ಲಿ ಕಾಯುತ್ತಿದ್ದ. ಅವನ ಒಂದು ದಿನ ಸಿಗುವುದೇ ಕಷ್ಟ. ಆ ಹೊತ್ತಿಗೆ ಗುಂಪಿನಲ್ಲಿ ಯಾರೋ ಒಬ್ಬರು, ಮೈಲುತುತ್ತ ಎರಡು ಪಟ್ಟು ಹಾಕಿದರೆ ಎಲೆಚುಕ್ಕೆ ರೋಗ ಒಂದೇ ಸಲಕ್ಕೆ ಹೋಗುತ್ತದೆ ಎಂದು ಹಾಕಿದರು. ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಸುಣ್ಣಕ್ಕಿಂತ ತುತ್ತ ಹೆಚ್ಚಾದರೆ ಕೊನೆ ಸುಟ್ಟುಹೋಗುತ್ತದೆ. ಹೊಸಬರು ಯಾರಾದರೂ ನಂಬಿ ಹೊಡೆದುಬಿಟ್ಟರೆ? ಇವರು ಆ ಸಂದೇಶವನ್ನು ಅಳಿಸಿದರು. ಎರಡು ನಿಮಿಷಕ್ಕೆ ಫೋನ್ ಬಂತು. "ಗುಂಪು ಎಂತ ನಿಮ್ಮಪ್ಪನ ಮನೇದಾ?" ಎಂದು ಆ ಕಡೆಯವರು ಕೂಗಿದ್ದು ನನಗೂ ಕೇಳಿಸಿತು. ಇವರು ದನಿ ಏರಿಸಲಿಲ್ಲ. ತುತ್ತ, ಸುಣ್ಣದ ಲೆಕ್ಕವನ್ನು ಮೊದಲಿನಿಂದ ಹೇಳಿದರು, ಸಮಾಧಾನ ಮಾಡಿದರು, ಕೊನೆಗೆ ಬೇಸರ ಮಾಡ್ಕೊಬೇಡಿ ಎಂದರು. ಮುಕ್ಕಾಲು ಗಂಟೆ ಹೋಯಿತು. ಕೊನೆಗೌಡ ಎರಡು ಸಲ ಬಂದು ಮುಖ ನೋಡಿ ಹೋದ.

ಇದು ಒಂದು ದಿನದ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ಚುನಾವಣೆ ಬಂದರೆ ಎರಡೂ ಪಕ್ಷದವರು ಇವರನ್ನು ಆಚೆ ಪಕ್ಷದವರು ಅನ್ನುತ್ತಾರೆ. ಗುಂಪಿನಿಂದ ತೆಗೆದ ಒಬ್ಬರ ಮನೆಯವರು ಇವರ ಮಗಳ ಮದುವೆಗೇ ಬರಲಿಲ್ಲ. ಮೂರು ತಲೆಮಾರಿನ ಬಳಕೆ ಅದು. "ರಾತ್ರಿ ಎಚ್ಚರಾದರೆ ಮೊದಲು ಕೈ ಹೋಗುವುದು ಫೋನಿಗೇ" ಎಂದು ಅವರ ಹೆಂಡತಿ ಹೇಳಿದರು. ದೂರು ಹೇಳುವ ದನಿಯಲ್ಲ, ಗಾಬರಿಯಲ್ಲಿ. ಬಿಟ್ಟುಬಿಡಿ ಅಂದರೆ ಅವರ ಉತ್ತರ ಒಂದೇ: "ಬಿಟ್ರೆ ನೋಡೋರು ಯಾರು ಮಾರಾಯ್ರೆ?"

ಆ ಉತ್ತರದಲ್ಲೇ ಈ ಕೆಲಸದ ಕಷ್ಟವೆಲ್ಲ ಇದೆ. ಇಂಥ ಗುಂಪು ಕಟ್ಟುವವರು ಯಾರೂ ಇಷ್ಟು ವರ್ಷ ನಡೆಸುತ್ತೇನೆಂದು ಶುರುಮಾಡಿದವರಲ್ಲ. ಕೆಲಸ ಇಲ್ಲಿಂದ ಇಲ್ಲಿಯವರೆಗೆ ಎಂದು ಗೆರೆ ಎಳೆದುಕೊಟ್ಟವರಿಲ್ಲ, ಸಾಕಾಯಿತು ಎಂದರೆ ಯಾರ ಕೈಗೆ ಕೊಡಬೇಕೆಂದೂ ಗೊತ್ತಿಲ್ಲ. ಮೇಲಿಂದ ಕಾನೂನಿನ ಹೆದರಿಕೆ ಬೇರೆ. 2017ರಲ್ಲಿ ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಗುಂಪಿನ ಅಡ್ಮಿನ್ ಅನ್ನು ಬಂಧಿಸಿದ ಸುದ್ದಿ ಓದಿದ ದಿನ ಎಷ್ಟೋ ಅಡ್ಮಿನ್‌ಗಳ ಎದೆ ಧಸಕ್ಕೆಂದಿತ್ತು. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿದ ಮೇಲೆ ಕೊಂಚ ಉಸಿರು ಬಂದಿದೆ.

ಸಂಬಳಕ್ಕೆ ಈ ಕೆಲಸ ಮಾಡುವವರೂ ನೊಂದಿದ್ದಾರೆ. ಅಮೆರಿಕದಲ್ಲಿ ಫೇಸ್‌ಬುಕ್‌ಗಾಗಿ ಹಿಂಸೆಯ ಚಿತ್ರ, ವಿಡಿಯೊಗಳನ್ನು ದಿನವಿಡೀ ನೋಡಿ ತೆಗೆಯುತ್ತಿದ್ದವರು ಮನಸ್ಸು ಕೆಟ್ಟುಹೋಯಿತೆಂದು ಮೊಕದ್ದಮೆ ಹೂಡಿದರು. 2020ರಲ್ಲಿ ಕಂಪನಿ 5.2 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. ಪುಕ್ಕಟೆ ದುಡಿಯುವವರು ಯಾರ ಮೇಲೆ ಮೊಕದ್ದಮೆ ಹೂಡಬೇಕು?

ಇಂಥ ಒಬ್ಬರ ದಣಿವು ಇಡೀ ಜಗತ್ತಿಗೆ ಅಪಾಯ ತಂದಿಟ್ಟ ಪ್ರಸಂಗವೂ ನಡೆದಿದೆ. ಫಿನ್ಲೆಂಡಿನ ಲಸ್ಸೆ ಕೊಲಿನ್ ಎಂಬುವರು ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಪುಟ್ಟ ತಂತ್ರಾಂಶವನ್ನು ವರ್ಷಗಟ್ಟಲೆ ಪುಕ್ಕಟೆಯಾಗಿ, ಹೆಚ್ಚುಕಡಿಮೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಹೆಸರು ನಮಗೆ ಗೊತ್ತಿಲ್ಲದಿದ್ದರೂ ಲಿನಕ್ಸ್ ಬಳಸುವ ಅಸಂಖ್ಯ ಸರ್ವರ್‌ಗಳಲ್ಲಿ ಅದಿದೆ. 2022ರಲ್ಲಿ ಕೆಲವು ಅಪರಿಚಿತ ಹೆಸರುಗಳು ಅವರ ಬೆನ್ನು ಬಿದ್ದವು. ಕೆಲಸ ನಿಧಾನವಾಯಿತು, ನಿಮಗೆ ಆಸಕ್ತಿ ಇಲ್ಲ, ಬೇರೆಯವರಿಗೆ ಕೊಡಿ ಎಂಬ ಒತ್ತಡ. ಬಹುಕಾಲದಿಂದ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಕೊಲಿನ್ ಎಲ್ಲರೆದುರು ತೋಡಿಕೊಂಡರು. ಅದೇ ಹೊತ್ತಿಗೆ ಜಿಯಾ ಟಾನ್ ಎಂಬ ಹೆಸರಿನ ಒಬ್ಬ ಸಹಾಯಕ ವಿನಯದಿಂದ, ತಾಳ್ಮೆಯಿಂದ ಕೈಜೋಡಿಸುತ್ತಿದ್ದ. ನಿಧಾನವಾಗಿ ಅಧಿಕಾರ ಅವನಿಗೂ ಸಿಕ್ಕಿತು. 2024ರ ಫೆಬ್ರುವರಿಯಲ್ಲಿ ಬಂದ ಹೊಸ ಆವೃತ್ತಿಯೊಳಗೆ ಕಳ್ಳಬಾಗಿಲೊಂದು ಅಡಗಿ ಕೂತಿತ್ತು. ಆ ಹೆಸರಿನ ಹಿಂದೆ ಇದ್ದವರು ಯಾರೆಂದು ಜಗತ್ತಿಗೆ ತಿಳಿಯಲೇ ಇಲ್ಲ.

ಅದನ್ನು ಪತ್ತೆ ಹಚ್ಚಿದ್ದು ಆಂಡ್ರೆಸ್ ಫ್ರಾಯ್ಂಡ್ ಎಂಬ ಮೈಕ್ರೋಸಾಫ್ಟ್ ಎಂಜಿನಿಯರ್. ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಹುಡುಕುತ್ತ ಹೋಗಿ, ಮಾರ್ಚ್ 29ರಂದು ವಿಷಯ ಬಯಲಿಗೆ ತಂದರು. ಸರ್ವರ್‌ಗಳಿಗೆಲ್ಲ ಆ ಆವೃತ್ತಿ ಹಬ್ಬುವ ಮೊದಲೇ ಅನಾಹುತ ತಪ್ಪಿತು. ಪತ್ರಿಕೆಗಳು ಕಳ್ಳಬಾಗಿಲಿನ ತಂತ್ರವನ್ನು ವಿವರವಾಗಿ ಬರೆದವು. ನನ್ನನ್ನು ಕಾಡಿದ್ದು ಬೇರೆ: ಒಳಗೆ ನುಗ್ಗಲು ಬಂದವರು ಮೊದಲು ತಟ್ಟಿ ನೋಡಿದ್ದು ಒಬ್ಬ ಮನುಷ್ಯನ ಆಯಾಸವನ್ನು. ಆತ ಸೋತಿದ್ದಾನೆ ಎಂಬುದು ಶತ್ರುವಿಗೆ ಕಂಡಿತು. ಅವನ ದುಡಿಮೆಯ ಮೇಲೆ ನಿಂತಿದ್ದ ನಮಗೆ ಕಾಣಲಿಲ್ಲ.

ಹೊಣೆಯನ್ನು ಇಳಿಸುವ ರೀತಿ ನಮ್ಮ ನಾಡಿಗೆ ಹೊಸದಲ್ಲ. ಉಡುಪಿ ಕೃಷ್ಣನ ಪೂಜೆಯನ್ನು ಅಷ್ಟಮಠಗಳು ಪರ್ಯಾಯವೆಂಬ ಸರದಿಯ ಮೇಲೆ ಮಾಡುತ್ತವೆ. ಮಧ್ವಾಚಾರ್ಯರ ಕಾಲದಲ್ಲಿ ಎರಡು ತಿಂಗಳಿದ್ದ ಸರದಿಯನ್ನು ವಾದಿರಾಜರು ಎರಡು ವರ್ಷಕ್ಕೆ ಬೆಳೆಸಿದರು. ಸಮ ಸಂಖ್ಯೆಯ ವರ್ಷದ ಜನವರಿ 18 ಬಂತೆಂದರೆ ಅಧಿಕಾರದಲ್ಲಿದ್ದ ಸ್ವಾಮಿಗಳು ಅಕ್ಷಯಪಾತ್ರೆ, ಸಟ್ಟುಗವನ್ನು ಮುಂದಿನವರ ಕೈಗೆ ಕೊಡಲೇಬೇಕು. ಮುಂದಿನವರಾದರೋ ಬಹಳ ಮೊದಲೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ ಎಂದು ಒಂದೊಂದಾಗಿ ಅಣಿಯಾಗುತ್ತ ಬಂದಿರುತ್ತಾರೆ. ಇಳಿಯುವವರ ಮೇಲೆ ಸೋತು ಬಿಟ್ಟರೆಂಬ ಮಾತು ಬರುವುದಿಲ್ಲ. ಹದಿನಾಲ್ಕು ವರ್ಷ ಬಿಟ್ಟು ಮತ್ತೆ ಅವರ ಸರದಿ ಬರುತ್ತದೆ. ನೂರಾರು ವರ್ಷದಿಂದ ಅಲ್ಲಿ ಪೂಜೆ ನಿಂತಿಲ್ಲ.

ಆನ್‌ಲೈನ್ ಬಳಗಗಳಲ್ಲಿ ಈ ಬುದ್ಧಿ ಬಂದದ್ದು ತಡವಾಗಿ. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಲಿಯುವ ಪೈಥಾನ್ ಭಾಷೆಯನ್ನು 1991ರಲ್ಲಿ ಹೊರತಂದ ಗಿಡೊ ವಾನ್ ರೋಸಮ್, ಅದರ ಬಳಗದಲ್ಲಿ ಕೊನೆಯ ಮಾತು ತಮ್ಮದೇ ಆಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆಸಿದರು. 2018ರಲ್ಲಿ ಒಂದು ಸಣ್ಣ ಬದಲಾವಣೆಗಾಗಿ ಎಷ್ಟು ಜಗಳವಾಯಿತೆಂದರೆ, ಅದನ್ನು ಒಪ್ಪಿಕೊಂಡ ಬೆನ್ನಿಗೇ ತಾವು ದಣಿದಿರುವುದಾಗಿ ಹೇಳಿ ಕೆಳಗಿಳಿದರು. ಉತ್ತರಾಧಿಕಾರಿಯನ್ನೂ ಹೆಸರಿಸಲಿಲ್ಲ. ಬಳಗ ತಿಂಗಳುಗಟ್ಟಲೆ ಚರ್ಚಿಸಿ, ಐದು ಜನರ ಮಂಡಳಿಯನ್ನು ಚುನಾಯಿಸುವ ಪದ್ಧತಿ ತಂದಿತು. 2019ರ ಮೊದಲ ಮಂಡಳಿಯಲ್ಲಿ ಗಿಡೊ ಐವರಲ್ಲಿ ಒಬ್ಬರಾಗಿದ್ದರು. ಮುಂದಿನದಕ್ಕೆ ನಿಲ್ಲಲಿಲ್ಲ. ಆಮೇಲೆ ಮೈಕ್ರೋಸಾಫ್ಟ್ ಸೇರಿ, ಪೈಥಾನ್‌ನ ವೇಗ ಹೆಚ್ಚಿಸುವ ಕೆಲಸದಲ್ಲಿ ತೊಡಗಿದರು. ಪೈಥಾನ್ ಬೆಳೆಯುತ್ತಲೇ ಇದೆ.

ತೀರ್ಥಹಳ್ಳಿಯವರಿಗೆ ಇದನ್ನೆಲ್ಲ ಹೇಳಿದೆ. ಗುಂಪಿನಲ್ಲಿ ಮೂರ್ನಾಲ್ಕು ಜನ ತಿಳಿದವರಿದ್ದಾರೆ, ಆರಾರು ತಿಂಗಳ ಸರದಿ ಹಾಕಿ, ಬದಲಾಗುವ ತಾರೀಕು ಈಗಲೇ ಎಲ್ಲರಿಗೂ ತಿಳಿಸಿ, ತುತ್ತ-ಸುಣ್ಣದಂಥ ಪದೇ ಪದೇ ಬರುವ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟು ಕೊಡಿ ಎಂದೆ. ಅವರು ಒಪ್ಪಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಅವರ ಹೆಂಡತಿ ಮಾತ್ರ ಒಳಗಿನಿಂದ ಕ್ಯಾಲೆಂಡರ್ ತಂದು, ಯಾವ ತಾರೀಕು ಎಂದು ಕೇಳಿದರು.