ಲಾವಣಿ ಬರೆದುಕೊಂಡ ಕಸ್ಟಮ್ಸ್ ಕಮಿಷನರ್

ಕಾಗವಾಡ ತಾಲ್ಲೂಕಿನ ಜುಗೂಳದಲ್ಲಿ ಕೃಷ್ಣೆಯ ದಂಡೆಗೆ ಇಳಿದರೆ ಎದುರಿನದು ಮಹಾರಾಷ್ಟ್ರದ ಖಿದ್ರಾಪುರ. ಅಲ್ಲಿಯ ಕೋಪೇಶ್ವರ ಗುಡಿಯಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನ ಶಾಸನವಿದೆ. ಹೊಳೆಯ ಈ ದಂಡೆ, ಆ ದಂಡೆ ಎನ್ನದೆ ಈ ಸೀಮೆಯ ಕಲ್ಲುಬರಹಗಳನ್ನು ಓದಿ ಅಚ್ಚಿಗೆ ತಂದವರಲ್ಲಿ ಮೊದಲು ನೆನೆಯಬೇಕಾದವರು ಜಾನ್ ಫೇತ್‌ಫುಲ್ ಫ್ಲೀಟ್. ಸರ್ಕಾರಿ ದಾಖಲೆಯಲ್ಲಿ ಅವರು 1893ರಲ್ಲಿ ಮುಂಬೈ ಪ್ರಾಂತದ ಕಸ್ಟಮ್ಸ್ ಕಮಿಷನರ್ ಆದ ಅಧಿಕಾರಿ.

ಹುಟ್ಟಿದ್ದು 1847ರಲ್ಲಿ. ಲಂಡನ್ನಿನಲ್ಲಿ ಗೋಲ್ಡ್‌ಸ್ಟೂಕರ್ ಎಂಬ ಪಂಡಿತರ ಬಳಿ ಸಂಸ್ಕೃತ ಕಲಿತು, 1867ರಲ್ಲಿ ಮುಂಬೈ ಪ್ರಾಂತದ ಸೇವೆಗೆ ಬಂದರು. 1872ರಲ್ಲಿ ದಕ್ಷಿಣ ವಿಭಾಗದ ಶಾಲಾ ತನಿಖಾಧಿಕಾರಿ, 1875ರಲ್ಲಿ ಕೊಲ್ಹಾಪುರ ಮತ್ತು ದಕ್ಷಿಣ ಮರಾಠಾ ಸೀಮೆಯ ಸಹಾಯಕ ಪೊಲಿಟಿಕಲ್ ಏಜೆಂಟ್. ಊರೂರು ತಿರುಗುವ ಕೆಲಸ, ಊರೂರಲ್ಲೂ ಶಾಸನ. ಸವದತ್ತಿಯ ರಟ್ಟರ ಶಾಸನಗಳನ್ನೂ ಐಹೊಳೆಯಲ್ಲಿ ರವಿಕೀರ್ತಿ ಬರೆದ ಪುಲಕೇಶಿಯ ಪ್ರಶಸ್ತಿಯನ್ನೂ ಅವರು ಪ್ರಕಟಿಸಿದರು. 1882ರಲ್ಲಿ ಮುಂಬೈ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬಂತು. ಕದಂಬ, ಚಾಲುಕ್ಯ, ರಾಷ್ಟ್ರಕೂಟರ ಕಾಲಾನುಕ್ರಮಕ್ಕೆ ಒಂದು ಗಟ್ಟಿ ಚೌಕಟ್ಟು ಸಿಕ್ಕಿದ್ದು ಆಗ. ಮರುವರ್ಷವೇ ಭಾರತ ಸರ್ಕಾರದ ಶಾಸನತಜ್ಞ ಹುದ್ದೆ ಅವರಿಗೆ ಬಂತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಲ್ಲಿನ ಕೆಲಸವಲ್ಲ, ಬಾಯಿಂದ ಬಾಯಿಗೆ ಬಂದ ಹಾಡಿನ ಕೆಲಸ. 1885ರಿಂದ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಫ್ಲೀಟ್ ಕನ್ನಡ ಲಾವಣಿಗಳನ್ನು ಮೂಲಪಾಠ, ಇಂಗ್ಲಿಷ್ ಅನುವಾದಗಳೊಂದಿಗೆ ಸಾಲಾಗಿ ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣನದು, ಹಲಗಲಿ ಬೇಡರದು, ಬೈಲಹೊಂಗಲದ ಸಂಗ್ಯಾನದು ಅಲ್ಲಿವೆ. ಇನ್‌ಕಮ್ ಟ್ಯಾಕ್ಸ್ ಮೇಲೆ ಕಟ್ಟಿದ ಲಾವಣಿಯೂ ಇದೆ! ಈ ತೆರಿಗೆ ದೇಶಕ್ಕೆ ಕಾಲಿಟ್ಟಿದ್ದು 1860ರಲ್ಲಿ. ನಡುವೆ ನಿಂತಿತು, ಮತ್ತೆ ಬಂತು. ಸರ್ಕಾರದ ಆಯವ್ಯಯದಲ್ಲಿ ಅದೊಂದು ಅಂಕಿ. ಹಳ್ಳಿಯ ಹಾಡುಗಾರನಿಗೆ ಅದು ಮನೆ ಬಾಗಿಲಿಗೆ ಬಂದ ಸಂಕಟ. ಮುಂದೆ ಸುಂಕದ ಇಲಾಖೆಯನ್ನೇ ಆಳಲಿದ್ದವರು ಆ ಹಾಡನ್ನು ಬರೆದಿಟ್ಟು ಹೋದರು.

1831ರಲ್ಲಿ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಕಂಪನಿ ಸರ್ಕಾರ. 1857ರಲ್ಲಿ ಆಯುಧ ಒಪ್ಪಿಸಲೊಲ್ಲದ ಹಲಗಲಿಯ ಮೇಲೆ ದಂಡೆತ್ತಿ ಹೋದದ್ದೂ ಅದೇ. ಆ ಆಳ್ವಿಕೆಯ ಅನ್ನ ಉಂಡವರು, ಸೋತವರ ಹಾಡನ್ನು ಕಾಗದಕ್ಕಿಳಿಸಿದರು. ಅವರಿಗೆ ಅದು ಭಾಷೆಯ ಕುತೂಹಲವಾಗಿತ್ತೋ ಏನೋ, ನಮಗಂತೂ ಆಸ್ತಿಯಾಗಿ ಉಳಿಯಿತು. ಹಾಡಿದವರು ಕಟ್ಟಿದ್ದನ್ನು ಕಟ್ಟಿದ ಹಾಗೆ ಬರೆದುಕೊಳ್ಳುವ ಈ ತಾಳ್ಮೆಯನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

ಕಸ್ಟಮ್ಸ್ ಕಮಿಷನರ್ ಆಗಿ ಅವರು ಕಳೆದದ್ದು ನಾಲ್ಕೇ ವರ್ಷ. ಅದರ ನಡುವೆಯೂ ರಾಜವಂಶಗಳ ಚರಿತ್ರೆಯನ್ನು ಹಿಗ್ಗಿಸಿ, ತಿದ್ದಿ ಮುಂಬೈ ಗೆಜೆಟಿಯರ್‌ಗೆ ಕೊಟ್ಟರು. 1897ರಲ್ಲಿ ನಿವೃತ್ತರಾಗಿ ಲಂಡನ್ನಿಗೆ ಮರಳಿದ ಮೇಲೂ ಶಾಸನದ ನಂಟು ಬಿಡಲಿಲ್ಲ. 1917ರ ಫೆಬ್ರವರಿ 21ರಂದು ತೀರಿಕೊಂಡರು. ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ' ಹೊರಬಂದದ್ದೂ ಅದೇ ವರ್ಷ.

ಫ್ಲೀಟ್ ನೋಡದ ಕಲ್ಲುಗಳು ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಗುಡಿಕಟ್ಟೆಗಳಲ್ಲಿ ಇನ್ನೂ ಸಿಕ್ಕಾವು. ನಿಮ್ಮೂರಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಸುಣ್ಣ, ಎಣ್ಣೆಬಣ್ಣ ಬಳಿಯಲು ಬಿಡಬೇಡಿ. ಲಾವಣಿ ಬಲ್ಲ ಹಿರಿಯರಿದ್ದರೆ ಮೊಬೈಲಿನಲ್ಲಿ ಅವರ ದನಿ ಹಿಡಿದಿಡಿ. ಎರಡನ್ನೂ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಗಮನಕ್ಕೆ ತನ್ನಿ.