ಇಪ್ಪತ್ತು ನಿಮಿಷಗಳ ತೀರ್ಪು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ತೊಗರಿಯ ಸೀಮೆ. ಮುಂಗಾರಿನಲ್ಲಿ ಬಿತ್ತಿದ ತೊಗರಿಯು ಕರಿಯ ಎರೆನೆಲದಲ್ಲಿ ಆಳೆತ್ತರಕ್ಕೆ ಬೆಳೆದು ನಿಂತಾಗ ಅದರ ನೆರಳು ಇಲಿಗಳಿಗೆ ಆಶ್ರಯವಾಗುತ್ತದೆ. ಇಲಿ ಇರುವೆಡೆಗೆ ಹಾವು ಬರುವುದು ಸಹಜವಷ್ಟೆ. ಬರಿಗಾಲಿನಲ್ಲಿ ಕಳೆ ಕೀಳುವವರಿಗೂ, ಇರುಳಿನಲ್ಲಿ ನೀರು ಹಾಯಿಸುವವರಿಗೂ, ನೆಲದ ಮೇಲೆ ಮಲಗುವವರಿಗೂ ಅದರಿಂದ ಅಪಾಯವುಂಟು. 2000ದಿಂದ 2019ರವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನರು ಮೃತಪಟ್ಟರೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಕರ್ನಾಟಕ ಸರಕಾರವು 2024ರಲ್ಲಿ, ಹಾವಿನ ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಸಾರಿತು.

ಇಂತಹ ರೋಗಿಯನ್ನು ತಾಲ್ಲೂಕು ಆಸ್ಪತ್ರೆಗೆ ತಂದಾಗ ಅವನ ಪಕ್ಕದಲ್ಲಿ ಅತಿ ಹೆಚ್ಚು ಹೊತ್ತು ನಿಲ್ಲುವವಳು ದಾದಿ. ಔಷಧವನ್ನು ವಿಧಿಸುವ ಅಧಿಕಾರ ವೈದ್ಯರದು. ಆದರೆ ಆ ವಿಧಿ ಯಾವುದನ್ನು ಆಧರಿಸಿ ನಿಲ್ಲುವುದೋ ಆ ಸಾಕ್ಷ್ಯವನ್ನು ಒದಗಿಸುವವಳು ಅವಳೇ. ದಾದಿಯ ನಿರ್ಧಾರವೆಂಬುದು ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಈ ಒಂದು ನಿದರ್ಶನದಿಂದ ವಿಚಾರಿಸೋಣ.

ಎರಡು ಕಡೆಯ ಅಪಾಯ

ಪ್ರತಿವಿಷವು ದೊರೆಯುತ್ತಿರುವಾಗ ಕಡಿತವಾದವರಿಗೆಲ್ಲ ಅದನ್ನು ಕೊಟ್ಟುಬಿಡಬಾರದೇಕೆ ಎಂದು ವಾಚಕರು ಕೇಳಬಹುದು. ಕಚ್ಚಿದ ಹಾವುಗಳೆಲ್ಲ ವಿಷದ ಹಾವುಗಳಲ್ಲ. ವಿಷದ ಹಾವು ಸಹ ಕೆಲವೊಮ್ಮೆ ವಿಷವನ್ನು ಇಳಿಸದೆಯೇ ಕಚ್ಚುವುದುಂಟು. ನಮ್ಮ ದೇಶದ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷವನ್ನು ಕುದುರೆಗೆ ಅಲ್ಪಾಲ್ಪವಾಗಿ ಚುಚ್ಚಿ, ಅದರ ರಕ್ತದಿಂದ ಪಡೆಯುತ್ತಾರೆ. ಕುದುರೆಯ ಪ್ರೋಟೀನು ಕೆಲವರ ಮೈಗೆ ಒಗ್ಗದು. ದದ್ದು ಏಳಬಹುದು, ಉಸಿರು ಕಟ್ಟಬಹುದು, ರಕ್ತದ ಒತ್ತಡ ಕುಸಿಯಬಹುದು. ಆದುದರಿಂದ ಬೇಡದಿದ್ದಾಗ ಕೊಡುವುದು ಅಪಾಯ. ಬೇಕಾದಾಗ ತಡಮಾಡುವುದು ಅದಕ್ಕಿಂತ ದೊಡ್ಡ ಅಪಾಯ. ಇವೆರಡರ ನಡುವೆ ಊಹೆಗೆ ಎಡೆಯಿಲ್ಲ, ಅಳತೆ ಬೇಕು.

ಗಾಜಿನ ಸಾಕ್ಷ್ಯ

ಮಂಡಲದ ಹಾವುಗಳ ವಿಷವು ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುಗಳನ್ನು ಒಮ್ಮೆಗೇ ಕೆರಳಿಸಿ ವ್ಯಯಮಾಡಿಬಿಡುತ್ತದೆ. ಅವು ತೀರಿದ ಮೇಲೆ ರಕ್ತವು ಹೆಪ್ಪುಗಟ್ಟುವ ಗುಣವನ್ನೇ ಕಳೆದುಕೊಳ್ಳುತ್ತದೆ. ಇದನ್ನು ಕಂಡುಹಿಡಿಯಲು ಬೇಕಾದುದು ಒಂದು ಗಾಜಿನ ಪ್ರನಾಳ ಮತ್ತು ಒಂದು ಗಡಿಯಾರ. ದಾದಿಯು ಅಭಿಧಮನಿಯಿಂದ 2 ಮಿಲಿಲೀಟರು ರಕ್ತವನ್ನು ತೆಗೆದು, ಶುದ್ಧವಾದ ಒಣ ಪ್ರನಾಳದಲ್ಲಿ ಹಾಕಿ, 20 ನಿಮಿಷಗಳ ಕಾಲ ಅಲುಗಿಸದೆ ನಿಲ್ಲಿಸುತ್ತಾಳೆ. ಅನಂತರ ಒಮ್ಮೆ ಮಾತ್ರ ಓರೆಮಾಡಿ ನೋಡುತ್ತಾಳೆ. ರಕ್ತವು ಇನ್ನೂ ನೀರಿನಂತೆ ಹರಿದರೆ ವಿಷವೇರಿದೆಯೆಂದು ತಿಳಿಯಬೇಕು.

ಈ ಸರಳ ಪರೀಕ್ಷೆಯಲ್ಲಿ ದಾದಿಯ ಎಚ್ಚರವೇ ಸರ್ವಸ್ವ. ರಕ್ತವನ್ನು ಹೆಪ್ಪುಗಟ್ಟಲು ಪ್ರಚೋದಿಸುವುದು ಗಾಜಿನ ಮೈ. ಪ್ಲಾಸ್ಟಿಕಿನ ನಳಿಕೆಯಲ್ಲಿ, ಇಲ್ಲವೆ ಸಾಬೂನಿನ ಪುಡಿಯಲ್ಲಿ ತೊಳೆದ ಪ್ರನಾಳದಲ್ಲಿ ಆರೋಗ್ಯವಂತನ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಆಗ ನಿರಪಾಯದ ಕಡಿತಕ್ಕೆ ಪ್ರತಿವಿಷವನ್ನು ಏರಿಸಿದಂತಾಗುವುದು. ಆತುರದಿಂದ 10 ನಿಮಿಷಕ್ಕೇ ನೋಡಿದರೂ ತೀರ್ಪು ತಪ್ಪುತ್ತದೆ.

ಮೊದಲ ಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಿಯನ್ನು ಮನೆಗೆ ಕಳುಹಿಸುವಂತಿಲ್ಲ. ವಿಷವು ನಿಧಾನವಾಗಿ ಹರಡಬಹುದಾದ ಕಾರಣ ಮೊದಲ 3 ಗಂಟೆಗಳಲ್ಲಿ ಗಂಟೆಗೊಮ್ಮೆ, ಅನಂತರ ಒಂದು ಹಗಲುರಾತ್ರಿ ಪೂರೈಸುವವರೆಗೆ 6 ಗಂಟೆಗೊಮ್ಮೆ ಪರೀಕ್ಷೆ ನಡೆಯಬೇಕು. ಈ ನಡುವೆ ಪಾಳಿ ಬದಲಾಗುತ್ತದೆ. ಹಿಂದಿನ ದಾದಿಯು ಪರೀಕ್ಷೆಯ ವೇಳೆಯನ್ನು ಬರೆದಿಡದೆ ಹೋದರೆ ಮುಂದಿನವಳು ಕುರುಡಾಗಿ ಕೆಲಸ ಮಾಡಬೇಕಾಗುತ್ತದೆ. ಪುಸ್ತಕದಲ್ಲಿ ಬರೆದ ಒಂದು ಸಾಲೂ ಚಿಕಿತ್ಸೆಯ ಅಂಗವೇ.

ಪ್ರತಿವಿಷ ಕೊಡಬೇಕೆಂದು ವೈದ್ಯರು ಹೇಳಿದೊಡನೆ ಜಾಣ ದಾದಿಯು ಮಾಡುವ ಮೊದಲ ಕೆಲಸ ಅಡ್ರಿನಲಿನ್ ಔಷಧವನ್ನು ಪಿಚಕಾರಿಯಲ್ಲಿ ತುಂಬಿ ಪಕ್ಕದಲ್ಲಿಡುವುದು. ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯಿಂದ ಪ್ರತಿಕೂಲ ಪರಿಣಾಮವನ್ನು ಮುಂಗಾಣಲಾಗದು, ಸನ್ನದ್ಧತೆಯೇ ರಕ್ಷೆ. ಮಗುವೆಂದು ಪ್ರತಿವಿಷದ ಪ್ರಮಾಣವನ್ನು ಇಳಿಸುವಂತೆಯೂ ಇಲ್ಲ. ಹಾವು ಮಗುವಿಗೆಂದು ಕಡಿಮೆ ವಿಷವನ್ನು ಇಳಿಸುವುದಿಲ್ಲ. ಅಳೆಯಬೇಕಾದುದು ವಿಷವನ್ನು, ಮೈತೂಕವನ್ನಲ್ಲ. ಬಂಧುಗಳು ಕಾಲಿಗೆ ಬಿಗಿದು ತಂದ ಹಗ್ಗವನ್ನು ಕಂಡೊಡನೆ ಕತ್ತರಿಸುವುದೂ ವಿವೇಕವಲ್ಲ. ತಡೆಹಿಡಿದ ವಿಷ ಒಮ್ಮೆಲೇ ಮೇಲೇರಬಹುದು. ವೈದ್ಯರನ್ನು ಕರೆದು, ಸಿದ್ಧತೆ ಮಾಡಿಕೊಂಡೇ ಅದನ್ನು ಬಿಚ್ಚಬೇಕು.

ಜೋತುಬಿದ್ದ ರೆಪ್ಪೆ

ಕಟ್ಟುಹಾವಿನ ರೀತಿಯೇ ಬೇರೆ. ಅದು ರಾತ್ರಿ ಮಲಗಿದವರನ್ನು ಕಚ್ಚುತ್ತದೆ. ಗಾಯ ಕಾಣದಿರಬಹುದು, ನೋವೂ ಇರದಿರಬಹುದು. ಮುಂಜಾನೆ ಹೊಟ್ಟೆನೋವೆಂದು ಬಂದವನ ರೆಪ್ಪೆಗಳು ಜೋಲುತ್ತಿರುವುದನ್ನು ಗಮನಿಸಿದ ದಾದಿಯು ಒಂದು ಪ್ರಾಣವನ್ನು ಉಳಿಸಿದಂತೆಯೇ ಸರಿ. ಈ ವಿಷವು ನರ ಮತ್ತು ಸ್ನಾಯುಗಳ ಸಂಪರ್ಕವನ್ನು ಕಡಿಯುವುದರಿಂದ ಗಾಜಿನ ಪರೀಕ್ಷೆ ಇಲ್ಲಿ ನೆರವಾಗದು. ಅವಳು ರೋಗಿಗೆ ಒಂದೇ ಉಸಿರಿನಲ್ಲಿ ಅಂಕಿಗಳನ್ನು ಎಣಿಸಲು ಹೇಳುತ್ತಾಳೆ. ಮತ್ತೆ ಮತ್ತೆ ಕೇಳಿದಾಗ ಎಣಿಕೆಯು ಇಳಿಯುತ್ತಾ ಬಂದರೆ ಉಸಿರಾಟದ ಸ್ನಾಯುಗಳು ಸೋಲುತ್ತಿವೆಯೆಂದು ಅರ್ಥ. ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಆಳಂದ, ಜೇವರ್ಗಿಗಳಿಂದ ಸುಮಾರು 40 ಕಿಲೋಮೀಟರು. ಅಫಜಲಪುರದಿಂದ ಇನ್ನೂ ದೂರ. ದಾರಿಯುದ್ದಕ್ಕೂ ಉಸಿರುಚೀಲವನ್ನು ಒತ್ತುವ ಕೈ ಜೊತೆಗಿಲ್ಲದೆ ಅಂಥವನನ್ನು ಕಳುಹಿಸಬಾರದು. ಕಣ್ಣು ತೆರೆಯದೆ, ಕೈಕಾಲು ಆಡಿಸದೆ ಸತ್ತವನಂತೆ ಬಿದ್ದಿದ್ದರೂ ಅವನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರಬಹುದು. ಉಸಿರು ಸಾಗಿದರೆ ಪೂರ್ಣವಾಗಿ ಚೇತರಿಸಿಕೊಳ್ಳಲೂಬಹುದು.

ಸಂಸ್ಕೃತದ ‘ಶುಶ್ರೂಷಾ’ ಎಂಬ ಪದಕ್ಕೆ ಕೇಳುವ ಇಚ್ಛೆಯೆಂಬುದೇ ಮೂಲಾರ್ಥ. ನೋಡುವುದು, ಕೇಳುವುದು, ಅಳೆಯುವುದು, ಬರೆಯುವುದು, ಸಂದೇಹ ಬಂದಾಗ ವೈದ್ಯರನ್ನು ಧೈರ್ಯವಾಗಿ ಕರೆಯುವುದು: ಈ ಐದರಿಂದಲೇ ದಾದಿಯ ವಿವೇಕವು ರೂಪುಗೊಂಡಿದೆ. ಅವಳ ಕೆಲಸಕ್ಕೆ ನಾವೂ ನೆರವಾಗಬಹುದು. ಹಾವು ಕಚ್ಚಿದಾಗ ಗಾಯವನ್ನು ಕೊಯ್ಯದೆ, ಚೀಪದೆ, ಹಗ್ಗ ಬಿಗಿಯದೆ, ಕಚ್ಚಿದ ಅಂಗವನ್ನು ಅಲುಗದಂತಿರಿಸಿ, 108ಕ್ಕೆ ಕರೆಮಾಡಿ, ನೇರವಾಗಿ ಆಸ್ಪತ್ರೆಗೆ ಸಾಗಿಸಬೇಕು. ಕಚ್ಚಿದ ವೇಳೆ ಎಷ್ಟೆಂಬುದನ್ನು ಮರೆಯದೆ ಹೇಳಬೇಕು. ಅಲ್ಲಿನ ದಾದಿಗೆ ದೊರೆಯುವ ಮೊದಲ ಅಳತೆ ಅದೇ.